ಟರ್ನ್‌ಟೇಬಲ್‌ನಿಂದ ಟ್ಯೂಬ್ ಆಂಪ್‌ಗೆ: ನಡುವೆ ಯಾವ ಫೋನೊ ಪ್ರಿಆಂಪ್ ಇರಬೇಕು?

ಟರ್ನ್‌ಟೇಬಲ್‌ನ ಕೆಂಪು-ಬಿಳಿ ವೈರುಗಳನ್ನು, ಗಾಜಿನ ವಾಲ್ವ್‌ಗಳಿಂದ ನಡೆಯುವ ಟ್ಯೂಬ್ ಆಂಪ್‌ನ ಹಿಂಬದಿಯ ಆಕ್ಸ್ ಸಾಕೆಟ್‌ಗೆ ಸಿಕ್ಕಿಸಿ ಸೂಜಿ ಇಳಿಸುತ್ತೀರಿ. ವಾಲ್ಯೂಮ್ ಪೂರ್ತಿ ತಿರುಗಿಸಿದರೂ ಹಾಡು ಸೊಳ್ಳೆಯ ದನಿಯಷ್ಟೇ. ತಬಲಾ ಟಕಟಕ ಅನ್ನುತ್ತದೆ, ಡಗ್ಗಾ ಕೇಳಿಸುವುದೇ ಇಲ್ಲ. ಆಂಪ್ ಕೆಟ್ಟಿಲ್ಲ, ಟರ್ನ್‌ಟೇಬಲೂ ಕೆಟ್ಟಿಲ್ಲ. ಎರಡರ ನಡುವೆ ಇರಬೇಕಾದ ಫೋನೊ ಪ್ರಿಆಂಪ್ ಇಲ್ಲ, ಅಷ್ಟೇ.

ಹೊಸದಾಗಿ ಕೊಳ್ಳುವವರು ಇಎಲ್34 ಟ್ಯೂಬ್ ಒಳ್ಳೆಯದೋ ಕೆಟಿ88 ಟ್ಯೂಬ್ ಒಳ್ಳೆಯದೋ ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ನಡುವಿನ ಈ ಸಣ್ಣ ಡಬ್ಬಿಯ ನೆನಪಾಗುವುದು ಕಟ್ಟಕಡೆಗೆ, ಕೈಯಲ್ಲಿದ್ದ ದುಡ್ಡು ಮುಗಿದ ಮೇಲೆ. ಗುಂಯ್ ಎನ್ನುವ ಹಮ್ ಬರುತ್ತದೋ ಇಲ್ಲವೋ, ಆಲಾಪದ ಮೊದಲ ಸ್ವರದ ಹಿಂದೆ ಸೊಂಯ್ ಎನ್ನುವ ಹಿಸ್ ಎಷ್ಟಿರುತ್ತದೆ, ಕೆಳದನಿ ಬಿಗಿಯಾಗಿದೆಯೋ ರಾಡಿಯಾಗಿದೆಯೋ ಎಂಬುದರಲ್ಲಿ ಬಹುಪಾಲು ತೀರ್ಮಾನವಾಗುವುದು ಆ ಡಬ್ಬಿಯಲ್ಲೇ. ಆದ್ದರಿಂದ ಇಲ್ಲಿ ಟ್ಯೂಬ್‌ಗಳ ಹೋಲಿಕೆಗಿಂತ, ಟರ್ನ್‌ಟೇಬಲ್‌ನಿಂದ ಆಂಪ್‌ವರೆಗಿನ ನಾಲ್ಕು ದಾರಿಗಳ ಹೋಲಿಕೆ ಇದೆ.

ಡಬ್ಬಿ ಮಾಡುವ ಎರಡು ಕೆಲಸ

ಸೂಜಿಯ ಕಂಪನವನ್ನು ಸಿಗ್ನಲ್ ಮಾಡುವ, ತೋಳಿನ ತುದಿಯ ಭಾಗವೇ ಕಾರ್ಟ್ರಿಜ್. ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್, ಅಂದರೆ ಎಲ್ಲರೂ ಎಂಎಂ ಎಂದು ಕರೆಯುವುದು, ಹೊರಗೆ ಕೊಡುವುದು 3ರಿಂದ 6 ಮಿಲಿವೋಲ್ಟ್ ಮಾತ್ರ. ಆಡಿಯೊ-ಟೆಕ್ನಿಕಾದ ವಿಎಂ95ಇ ಕೊಡುವುದು 4, ಆರ್ಟೊಫಾನ್ 2ಎಂ ರೆಡ್ 5.5. ಸಿಡಿ ಪ್ಲೇಯರ್ ಕೊಡುವುದು ಸುಮಾರು 2 ವೋಲ್ಟ್. ಇಷ್ಟು ಅಂತರವನ್ನು ಆಂಪ್‌ನ ಆಕ್ಸ್ ಇನ್‌ಪುಟ್ ತಾನಾಗಿ ತುಂಬಿಕೊಳ್ಳಲಾರದು. ಹಾಗಾಗಿ ಫೋನೊ ಪ್ರಿಆಂಪ್‌ನ ಮೊದಲ ಕೆಲಸ ಸಿಗ್ನಲ್ಲನ್ನು ಸುಮಾರು 100 ಪಟ್ಟು ಹಿಗ್ಗಿಸುವುದು. ಇದನ್ನೇ 40 ಡೆಸಿಬೆಲ್ ಗೇನ್ ಎನ್ನುವುದು.

ಎರಡನೆಯದು ಆರ್‌ಐಎಎ ತಿದ್ದುಪಡಿ, ಅಂದರೆ ಅಮೆರಿಕದ ರೆಕಾರ್ಡಿಂಗ್ ಕಂಪನಿಗಳ ಸಂಘದ ಹೆಸರಿನ ಅಳತೆ. ರೆಕಾರ್ಡ್ ಕೊರೆಯುವಾಗ ಕೆಳದನಿಯನ್ನು ಬೇಕೆಂದೇ ಕುಗ್ಗಿಸಿ, ಮೇಲ್ದನಿಯನ್ನು ಹಿಗ್ಗಿಸಿ ಕೊರೆಯುತ್ತಾರೆ. ಕೆಳದನಿಯನ್ನು ಇದ್ದ ಹಾಗೇ ಕೊರೆದರೆ ಗೆರೆ ಅಗಲಕ್ಕೆ ಓಲಾಡಿ ಪಕ್ಕದ ಗೆರೆಗೆ ತಾಗುತ್ತದೆ, ಒಂದು ಬದಿಯಲ್ಲಿ ಹೆಚ್ಚು ಹೊತ್ತಿನ ಸಂಗೀತ ಹಿಡಿಯುವುದಿಲ್ಲ. ಮೇಲ್ದನಿಯನ್ನು ಹಿಗ್ಗಿಸಿ ಕೊರೆದು ನುಡಿಸುವಾಗ ತಗ್ಗಿಸಿದರೆ, ಅದರ ಜೊತೆಗೆ ಸೂಜಿಯ ಸರಸರ ಸದ್ದೂ ತಗ್ಗುತ್ತದೆ. 1954ರಿಂದ ಕೊರೆಯುವವರೂ ನುಡಿಸುವವರೂ ಒಂದೇ ಅಳತೆಗೆ ಬಂದರು. ನುಡಿಸುವಾಗ 1000 ಹರ್ಟ್ಸ್‌ಗೆ ಹೋಲಿಸಿ 20 ಹರ್ಟ್ಸ್‌ನಲ್ಲಿ ಸುಮಾರು 19 ಡೆಸಿಬೆಲ್ ಏರಿಸಬೇಕು, 20,000 ಹರ್ಟ್ಸ್‌ನಲ್ಲಿ ಸುಮಾರು 20 ಡೆಸಿಬೆಲ್ ಇಳಿಸಬೇಕು. ಡಗ್ಗಾ ಮಾಯವಾಗುವುದು ಈ ಏರಿಕೆ ಇಲ್ಲದ್ದಕ್ಕೆ.

ಇದೇ ಗುರುತು ತಪ್ಪು ಹಿಡಿಯಲೂ ಸಾಕು. ಸದ್ದು ಕ್ಷೀಣವಾಗಿ ಕೀಚಲಾಗಿದ್ದರೆ ದಾರಿಯಲ್ಲಿ ಫೋನೊ ಪ್ರಿಆಂಪ್ ಎಲ್ಲೂ ಇಲ್ಲ. ವಾಲ್ಯೂಮ್ ಸ್ವಲ್ಪ ತಿರುಗಿಸಿದ್ದಕ್ಕೇ ಅಬ್ಬರಿಸಿ, ಗುಮ್ಮೆಂದು, ಹರಿದ ದನಿ ಬಂದರೆ ಒಂದರ ಹಿಂದೆ ಒಂದು ಎರಡು ಪ್ರಿಆಂಪ್ ಸೇರಿಕೊಂಡಿವೆ.

ಮೊದಲು ಎರಡರ ಬೆನ್ನನ್ನೂ ನೋಡಿ

ಕೊಳ್ಳುವ ಮೊದಲು ಟರ್ನ್‌ಟೇಬಲನ್ನೂ ಆಂಪನ್ನೂ ತಿರುಗಿಸಿ ಹಿಂಬದಿ ನೋಡಿ. ಟರ್ನ್‌ಟೇಬಲ್‌ನಲ್ಲಿ ಫೋನೊ-ಲೈನ್ ಎಂದು ಬರೆದ ಪುಟ್ಟ ಜಾರುವ ಸ್ವಿಚ್ ಇದ್ದರೆ ಒಳಗೇ ಪ್ರಿಆಂಪ್ ಇದೆ ಎಂದರ್ಥ. ಆಡಿಯೊ-ಟೆಕ್ನಿಕಾದ ಎಲ್‌ಪಿ60ಎಕ್ಸ್ ಮತ್ತು ಎಲ್‌ಪಿ120ಎಕ್ಸ್‌ಯುಎಸ್‌ಬಿ ಎರಡರಲ್ಲೂ ಇದಿದೆ, ಟೆಕ್ನಿಕ್ಸ್ ಎಸ್‌ಎಲ್-1500ಸಿಯಲ್ಲೂ ಇದೆ. ರೇಗಾ ಪ್ಲಾನರ್ 1ರಲ್ಲಿ ಇಲ್ಲ. ಅದೇ ಹೆಸರಿನ ಪ್ಲಸ್ ಮಾದರಿಯಲ್ಲಿದೆ.

ಆಂಪ್‌ನಲ್ಲಿ ಫೋನೊ ಎಂದು ಬರೆದ ಸಾಕೆಟ್ ಹುಡುಕಿ. ಅದರ ಪಕ್ಕ ಜಿಎನ್‌ಡಿ (ಗ್ರೌಂಡ್, ಅಂದರೆ ಅರ್ಥ್) ಎಂದು ಬರೆದ ಸ್ಕ್ರೂ ಇದ್ದರೆ ಅದು ನಿಜವಾದ ಫೋನೊ ಇನ್‌ಪುಟ್ ಎಂದು ಸಾಮಾನ್ಯವಾಗಿ ನಂಬಬಹುದು. ಈಗ ಸಿಗುವ ಟ್ಯೂಬ್ ಆಂಪ್‌ಗಳಲ್ಲಿ ಹೆಚ್ಚಿನವುಗಳಿಗೆ ಆಕ್ಸ್‌ನಂಥ ಬರೀ ಲೈನ್ ಇನ್‌ಪುಟ್‌ಗಳಿರುತ್ತವೆ. ಹಳೆಯ ಡೈನಾಕೊ ಎಸ್‌ಟಿ-70 ಥರದವು ಇನ್ನೂ ಬೇರೆ. 1959ರ ಆ ಆಂಪ್ ಬರೀ ಪವರ್ ಆಂಪ್, ಅದರಲ್ಲಿ ವಾಲ್ಯೂಮ್ ಗುಂಡಿಯೇ ಇಲ್ಲ. ಫೋನೊ ಪ್ರಿಆಂಪ್‌ನಿಂದ ಅದಕ್ಕೆ ನೇರವಾಗಿ ವೈರ್ ಎಳೆದರೆ ಸದ್ದನ್ನು ತಗ್ಗಿಸಲು ದಾರಿಯಿರುವುದಿಲ್ಲ, ಸೂಜಿ ಇಳಿಯುವ ‘ಧಡ್’ ನೇರವಾಗಿ ಸ್ಪೀಕರ್‌ಗೆ ಬಡಿಯುತ್ತದೆ. ಅಂಥ ಆಂಪ್‌ಗೆ ಮುಂದೆ ವಾಲ್ಯೂಮ್ ಇರುವ ಇನ್ನೊಂದು ಪ್ರಿಆಂಪ್ ಬೇಕೇ ಬೇಕು.

ಒಂದನೇ ದಾರಿ: ಟರ್ನ್‌ಟೇಬಲ್ ಒಳಗಿನ ಪ್ರಿಆಂಪ್

ಸ್ವಿಚ್ಚನ್ನು ಲೈನ್ ಕಡೆ ಜಾರಿಸಿ, ಆಂಪ್‌ನ ಆಕ್ಸ್‌ಗೆ ವೈರ್ ಸಿಕ್ಕಿಸಿದರೆ ಮುಗಿಯಿತು. ಹೊಸದಾಗಿ ಏನೂ ಕೊಳ್ಳಬೇಕಿಲ್ಲ. ಕಾರ್ಟ್ರಿಜ್‌ನಿಂದ ಪ್ರಿಆಂಪ್‌ವರೆಗಿನ ನಾಜೂಕಿನ ದಾರಿ ಡಬ್ಬಿಯೊಳಗೇ ಮುಗಿಯುವುದರಿಂದ ಹಮ್ ಕಾಟವೂ ಕಡಿಮೆ. ಎಲ್‌ಪಿ60ಎಕ್ಸ್‌ಗಂತೂ ಅರ್ಥ್ ವೈರೇ ಬೇಡ.

ಕೊರತೆ ಏನೆಂದರೆ ಕಡಿಮೆ ಬೆಲೆಯ ಟರ್ನ್‌ಟೇಬಲ್‌ಗಳಲ್ಲಿ ಈ ಭಾಗಕ್ಕೆ ಹೆಚ್ಚು ಖರ್ಚು ಮಾಡಿರುವುದಿಲ್ಲ. ಗೇನ್ ಬದಲಿಸಲಾಗುವುದಿಲ್ಲ, ಮೂವಿಂಗ್ ಕಾಯಿಲ್ (ಎಂಸಿ) ಕಾರ್ಟ್ರಿಜ್‌ಗೆ ಸಾಮಾನ್ಯವಾಗಿ ಒಗ್ಗುವುದಿಲ್ಲ. ಆದರೂ ಇದನ್ನು ಹಗುರವಾಗಿ ನೋಡಬೇಡಿ. ಮೊದಲ ಎರಡು ಮೂರು ತಿಂಗಳು ಇದರಲ್ಲೇ ಕೇಳಿ. ಸ್ಪೀಕರ್ ಎಲ್ಲಿಡಬೇಕು, ಸೂಜಿಯ ತೂಕ ಎಷ್ಟಿರಬೇಕು ಎಂಬುದೆಲ್ಲ ಅಷ್ಟರಲ್ಲಿ ಸರಿಹೋಗಿರುತ್ತದೆ. ಆಮೇಲೆ ಹೊರಗಿನ ಡಬ್ಬಿ ತಂದಾಗ ವ್ಯತ್ಯಾಸ ನಿಮ್ಮ ಕಿವಿಗೇ ಗೊತ್ತಾಗುತ್ತದೆ.

ಎರಡನೇ ದಾರಿ: ಹೊರಗಿನ ಟ್ರಾನ್ಸಿಸ್ಟರ್ ಫೋನೊ

ಟ್ಯೂಬ್ ಆಂಪ್‌ಗೆ ಮೊದಲ ಸಲ ಟರ್ನ್‌ಟೇಬಲ್ ಜೋಡಿಸುವವರಿಗೆ ನಾವು ಹೇಳುವುದು ಇದನ್ನೇ. ‘ಟ್ಯೂಬ್ ಆಂಪ್ ತಗೊಂಡಿದ್ದೇ ಟ್ಯೂಬ್ ದನಿಗೆ, ನಡುವೆ ಟ್ರಾನ್ಸಿಸ್ಟರ್ ಯಾಕೆ?’ ಎಂದು ಕೇಳುವವರುಂಟು. 4 ಮಿಲಿವೋಲ್ಟ್‌ನಷ್ಟು ಸಣ್ಣ ಸಿಗ್ನಲ್ಲನ್ನು ಸದ್ದಿಲ್ಲದೆ ಹಿಗ್ಗಿಸುವುದು ಟ್ರಾನ್ಸಿಸ್ಟರ್‌ಗೆ ಸುಲಭ, ಟ್ಯೂಬ್‌ಗೆ ಕಷ್ಟ. ಟ್ಯೂಬ್ ಆಂಪ್‌ನ ಸೊಗಸು ಬಹುಮಟ್ಟಿಗೆ ಅದರ ಔಟ್‌ಪುಟ್ ಹಂತದಿಂದ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಿಂದ ಬರುತ್ತದೆ. ಮುಂದೆ ಟ್ರಾನ್ಸಿಸ್ಟರ್ ಇದ್ದ ಮಾತ್ರಕ್ಕೆ ಅದು ಎಲ್ಲಿಗೂ ಹೋಗುವುದಿಲ್ಲ.

ಕೊಳ್ಳುವಾಗ ಮೂರು ಗುಂಡಿ-ಸ್ವಿಚ್‌ಗಳಿಗಾಗಿ ನೋಡಿ: ಗೇನ್, ಕೆಪಾಸಿಟೆನ್ಸ್, ಮತ್ತು ಲೋ-ಕಟ್ ಅಥವಾ ಸಬ್‌ಸಾನಿಕ್. ಎಆರ್‌ಟಿ ಡಿಜೆ ಪ್ರಿ 2ರಂಥ ಅಗ್ಗದ ಡಬ್ಬಿಯಲ್ಲೂ ಮೂರೂ ಇವೆ. ಮೂರನೆಯ ಸ್ವಿಚ್ ಟ್ಯೂಬ್ ಆಂಪ್ ಇರುವವರಿಗೆ ಎಷ್ಟು ಮುಖ್ಯ ಎಂಬುದನ್ನು ಮುಂದೆ ಬಿಡಿಸಿ ಹೇಳುತ್ತೇವೆ.

ಕೆಪಾಸಿಟೆನ್ಸ್ ವಿಷಯ ಹೀಗೆ. ಎಂಎಂ ಕಾರ್ಟ್ರಿಜ್‌ಗೆ ಮುಂದೆ 47 ಕಿಲೊಓಮ್ ರೆಸಿಸ್ಟೆನ್ಸ್ ಇರಬೇಕು. ಅದನ್ನು ಎಲ್ಲರೂ ಕೊಟ್ಟಿರುತ್ತಾರೆ. ಜೊತೆಗೆ ಇಂತಿಷ್ಟು ಕೆಪಾಸಿಟೆನ್ಸ್ ಇರಬೇಕೆಂದೂ ತಯಾರಕರು ಹೇಳುತ್ತಾರೆ. ವಿಎಂ95ಇಗೆ 100ರಿಂದ 200 ಪಿಕೊಫ್ಯಾರಡ್, 2ಎಂ ರೆಡ್‌ಗೆ 150ರಿಂದ 300. ತೋಳಿನೊಳಗಿನ ವೈರೂ ಹೊರಗಿನ ಕೇಬಲೂ ಸೇರಿ ಸುಲಭವಾಗಿ 100-150 ಆಗಿಬಿಡುತ್ತವೆ. ಅದರ ಮೇಲೆ ಡಬ್ಬಿಯ ಸ್ವಿಚ್ಚನ್ನು 200ಕ್ಕೆ ಇಟ್ಟರೆ ವಿಎಂ95ಇಗೆ ವಿಪರೀತವಾಯಿತು. ಆಗ ಮೇಲ್ದನಿಯಲ್ಲಿ ಒಂದು ಗುಡ್ಡ ಎದ್ದು ಅದರಾಚೆ ದನಿ ಕುಸಿಯುತ್ತದೆ: ಗಾಯಕಿಯ ‘ಸ’, ‘ಷ’ ಚುಚ್ಚುತ್ತವೆ, ತಂಬೂರಿಯ ಜೀವಾಳಿಯ ನವಿರು ಹೋಗುತ್ತದೆ. ಸಂದೇಹವಿದ್ದರೆ ಕಡಿಮೆ ಕಡೆಗೇ ಇಡಿ. ಟರ್ನ್‌ಟೇಬಲ್‌ನಿಂದ ಡಬ್ಬಿಗೆ ಹೋಗುವ ಕೇಬಲ್ 1 ಮೀಟರ್ ದಾಟದಿರಲಿ. ಡಬ್ಬಿಯಿಂದ ಆಂಪ್‌ಗೆ ಹೋಗುವುದು ಉದ್ದವಿದ್ದರೂ ನಡೆಯುತ್ತದೆ.

ಮೂರನೇ ದಾರಿ: ಆಂಪ್‌ನಲ್ಲೇ ಇರುವ ಫೋನೊ

ಇದ್ದರೆ ಮೊದಲು ಇದನ್ನೇ ಬಳಸಿ ನೋಡಿ. ಟರ್ನ್‌ಟೇಬಲ್‌ನ ಸ್ವಿಚ್ ಈಗ ಫೋನೊ ಕಡೆ ಇರಬೇಕು, ಅರ್ಥ್ ವೈರ್ ಆಂಪ್‌ನ ಸ್ಕ್ರೂಗೆ ಬರಬೇಕು. ಇದರ ಗುಣ ಒಂದೊಂದು ಆಂಪ್‌ಗೂ ಒಂದೊಂದು ಥರ. ದೊಡ್ಡ ಪವರ್ ಟ್ರಾನ್ಸ್‌ಫಾರ್ಮರ್ ಇರುವ ಪೆಟ್ಟಿಗೆಯಲ್ಲೇ 4 ಮಿಲಿವೋಲ್ಟ್ ಸಿಗ್ನಲ್ ಓಡಾಡಬೇಕಾದ್ದರಿಂದ ಒಳಗಿನ ವೈರಿಂಗ್ ಅಚ್ಚುಕಟ್ಟಾಗಿರದಿದ್ದರೆ 50 ಹರ್ಟ್ಸ್ ಹಮ್ ಅದಕ್ಕೆ ಹುಟ್ಟುಗುಣವೇ ಆಗಿರುತ್ತದೆ. ಕೊಳ್ಳುವ ಮುಂಚೆ ಅಂಗಡಿಯಲ್ಲೇ ಫೋನೊ ಇನ್‌ಪುಟ್‌ಗೆ ತಿರುಗಿಸಿ, ಸೂಜಿ ಎತ್ತಿಟ್ಟು, ವಾಲ್ಯೂಮ್ ಅರ್ಧಕ್ಕೆ ತಂದು, ಸ್ಪೀಕರ್‌ನಿಂದ ಎರಡು ಮೀಟರ್ ದೂರ ಕೂತು ಕೇಳಿ. ಅಲ್ಲಿ ಗುಂಯ್ ಎಂದರೆ ಮನೆಯಲ್ಲೂ ಗುಂಯ್ ಎನ್ನುತ್ತದೆ. ಹಿಂದೂಸ್ತಾನಿ, ಕರ್ನಾಟಕ ಸಂಗೀತ ಕೇಳುವವರು ಒಂದು ಎಚ್ಚರ ವಹಿಸಬೇಕು. ಹಾಡು ಹಚ್ಚಿ ಪರೀಕ್ಷಿಸಿದರೆ ತಂಬೂರಿಯ ಶ್ರುತಿಯ ಅಡಿಯಲ್ಲಿ ಹಮ್ ಮುಚ್ಚಿಹೋಗಿ ಎಲ್ಲ ಸರಿಯಿದ್ದಂತೆ ಕೇಳುತ್ತದೆ. ಪರೀಕ್ಷೆ ಮೌನದಲ್ಲೇ ಆಗಬೇಕು.

ನಾಲ್ಕನೇ ದಾರಿ: ಟ್ಯೂಬ್ ಫೋನೊ, ಎಂಸಿ ಕಾರ್ಟ್ರಿಜ್, ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್

ಇದು ಎರಡನೇ ವರ್ಷದ ಪಾಠ. ಟ್ಯೂಬ್ ಫೋನೊದಲ್ಲಿ ಸಾಮಾನ್ಯವಾಗಿ ಇಸಿಸಿ83 ಇರುತ್ತದೆ, ಅಮೆರಿಕದ ಹೆಸರು 12ಎಎಕ್ಸ್7. ಈ ಜಾಗಕ್ಕೆ ಯಾವುದೋ ಒಂದು ಇಸಿಸಿ83 ನಡೆಯುವುದಿಲ್ಲ. ಕಡಿಮೆ ಸದ್ದಿನದೆಂದು ಆರಿಸಿದ್ದೇ ಬೇಕು. ಆಂಪ್‌ನ ಇನ್‌ಪುಟ್‌ನಲ್ಲಿ ಚೆನ್ನಾಗಿ ನಡೆಯುವ ಟ್ಯೂಬ್ ಫೋನೊದಲ್ಲಿ ಸೊಂಯ್‌ಗುಟ್ಟಬಹುದು, ಇಲ್ಲವೇ ಪೆನ್ಸಿಲ್‌ನ ರಬ್ಬರ್ ತುದಿಯಿಂದ ಮೆಲ್ಲಗೆ ತಟ್ಟಿದಾಗ ಸ್ಪೀಕರ್‌ನಲ್ಲಿ ಠಣ್ ಎನ್ನಬಹುದು. ಹಾಗೆ ಠಣ್ ಎಂದು ಬಹಳ ಹೊತ್ತು ಮೊಳಗುವ ಟ್ಯೂಬ್, ಸ್ಪೀಕರ್‌ನ ಕಂಪನವನ್ನೂ ಹಿಡಿದು ಸಂಗೀತಕ್ಕೆ ಬೆರೆಸುತ್ತದೆ. ಅದನ್ನು ಬದಲಾಯಿಸಿ.

ಮೂವಿಂಗ್ ಕಾಯಿಲ್ ಕಾರ್ಟ್ರಿಜ್‌ಗಳು ಕೊಡುವುದು ಇನ್ನೂ ಕಡಿಮೆ. ಡೆನಾನ್ ಡಿಎಲ್-103 ಕೊಡುವುದು 0.3 ಮಿಲಿವೋಲ್ಟ್. ಇದಕ್ಕೆ ಸುಮಾರು 60 ಡೆಸಿಬೆಲ್, ಅಂದರೆ 1000 ಪಟ್ಟು ಬೇಕು. ಬರೀ ಟ್ಯೂಬ್‌ಗಳಿಂದ ಇಷ್ಟು ಹಿಗ್ಗಿಸಿದರೆ ಹಿಸ್ ಕೂಡ ಹಿಗ್ಗುತ್ತದೆ. ಅದಕ್ಕೇ ಮುಂದೆ ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್ ಇಡುತ್ತಾರೆ. 1:10 ಇದ್ದರೆ 0.3 ಹೋಗಿ 3 ಮಿಲಿವೋಲ್ಟ್ ಆಗುತ್ತದೆ, ಆಮೇಲೆ ಮಾಮೂಲಿ ಎಂಎಂ ಇನ್‌ಪುಟ್ ಸಾಕು. ಲೆಕ್ಕ ಒಂದು ನೆನಪಿರಲಿ: ಕಾರ್ಟ್ರಿಜ್‌ಗೆ ಕಾಣುವ ಲೋಡ್, 47 ಕಿಲೊಓಮನ್ನು ಅನುಪಾತದ ವರ್ಗದಿಂದ ಭಾಗಿಸಿದಷ್ಟು. 1:10ಕ್ಕೆ 47,000 ಭಾಗಿಸು 100, ಅಂದರೆ 470 ಓಮ್. 1:20ಕ್ಕೆ 117 ಓಮ್ ಚಿಲ್ಲರೆ. ಡಿಎಲ್-103ರ ಒಳಗಿನ ತಡೆ 40 ಓಮ್ ಇರುವುದರಿಂದ ಎರಡೂ ಹೊಂದುತ್ತವೆ. ‘ಅನುಪಾತ ಹೆಚ್ಚಿದ್ದಷ್ಟೂ ಒಳ್ಳೆಯದು’ ಎಂದು 1:40 ತಂದರೆ ಲೋಡ್ 30 ಓಮ್‌ಗೆ ಇಳಿದು ದನಿ ಮಂಕಾಗುತ್ತದೆ. ಈ ಟ್ರಾನ್ಸ್‌ಫಾರ್ಮರ್‌ಗಳು ಹಮ್ ಹಿಡಿಯುವುದರಲ್ಲಿ ಎತ್ತಿದ ಕೈ. ಆಂಪ್‌ನಿಂದ ದೂರವಿಟ್ಟು, ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಹಮ್ ಕಡಿಮೆಯಾಗುವ ದಿಕ್ಕು ಹುಡುಕಬೇಕು.

ಗೇನ್ ಲೆಕ್ಕ, ಕೊಳ್ಳುವ ಮೊದಲೇ

ನಿಮ್ಮ ಆಂಪ್‌ನ ಕೈಪಿಡಿಯಲ್ಲಿ ಇನ್‌ಪುಟ್ ಸೆನ್ಸಿಟಿವಿಟಿ ಎಷ್ಟೆಂದು ನೋಡಿ. ಪೂರ್ತಿ ಪವರ್‌ಗೆ ಎಷ್ಟು ವೋಲ್ಟ್ ಬೇಕೆಂಬುದೇ ಅದು. 0.3 ವೋಲ್ಟ್ ಎಂದಿದ್ದರೆ, 4 ಮಿಲಿವೋಲ್ಟ್ ಕಾರ್ಟ್ರಿಜ್ ಮತ್ತು 40 ಡೆಸಿಬೆಲ್ ಗೇನ್ ಸೇರಿ 0.4 ವೋಲ್ಟ್ ಆಗುವುದರಿಂದ ಧಾರಾಳ. ಸೆನ್ಸಿಟಿವಿಟಿ 1 ವೋಲ್ಟ್ ಎಂದಿದ್ದರೆ ಅದೇ ಜೋಡಿ ಸಪ್ಪೆ. ಆಗ 46 ಡೆಸಿಬೆಲ್ ಆಸುಪಾಸಿನ ಗೇನ್ ಇರುವ ಡಬ್ಬಿ ನೋಡಿ. ಇದಕ್ಕೆ ವಿರುದ್ಧವಾಗಿ 5.5 ಮಿಲಿವೋಲ್ಟ್ ಕಾರ್ಟ್ರಿಜ್‌ಗೆ 60 ಡೆಸಿಬೆಲ್ ಕೊಟ್ಟರೆ ಡಬ್ಬಿಯ ಒಳಗೇ ಸಿಗ್ನಲ್ ಒಡೆಯುತ್ತದೆ. ಆಂಪ್‌ನ ವಾಲ್ಯೂಮ್ ಎಷ್ಟು ತಗ್ಗಿಸಿದರೂ ಒಡಕು ಹೋಗುವುದಿಲ್ಲ, ಯಾಕೆಂದರೆ ಒಡೆದದ್ದು ಅದಕ್ಕಿಂತ ಮುಂಚೆ.

ಟ್ಯೂಬ್ ಆಂಪ್‌ಗೇ ವಿಶೇಷವಾದ ತೊಂದರೆ: ಕಿವಿಗೆ ಕೇಳದ ಸದ್ದು

ಸೂಜಿ ರೆಕಾರ್ಡಿನ ಮೇಲಿರುವಾಗ, ಹಾಡು ಶುರುವಾಗುವ ಮೊದಲು, ಸ್ಪೀಕರ್‌ನ ಬಟ್ಟೆ ತೆಗೆದು ದೊಡ್ಡ ಕೋನನ್ನು ನೋಡಿ. ಸದ್ದೇ ಇಲ್ಲ, ಆದರೆ ಕೋನ್ ಮೆಲ್ಲಗೆ ಒಳಗೆ-ಹೊರಗೆ ಆಡುತ್ತಿರುತ್ತದೆ, ನಿದ್ದೆಯಲ್ಲಿರುವವರ ಎದೆ ಏರಿಳಿದ ಹಾಗೆ. ಬಿಸಿಲಿಗೆ, ಅಡ್ಡಡ್ಡ ಪೇರಿಸಿಟ್ಟದ್ದಕ್ಕೆ ರೆಕಾರ್ಡ್ ಸೊಟ್ಟಗಾಗಿರುತ್ತದೆ. ನಿಮಿಷಕ್ಕೆ 33⅓ ಸುತ್ತು ಎಂದರೆ ಸೆಕೆಂಡಿಗೆ 0.56 ಸುತ್ತು. ಸೊಟ್ಟಿನಿಂದ ಏಳುವ ಅಲೆಗಳು ಹೆಚ್ಚಾಗಿ 8 ಹರ್ಟ್ಸ್‌ಗಿಂತ ಕೆಳಗಿರುತ್ತವೆ. ಕಿವಿಗೆ ಕೇಳದು, ಆದರೆ ಆರ್‌ಐಎಎ ತಿದ್ದುಪಡಿ ಕೆಳದನಿಯ ಜೊತೆಗೆ ಇವನ್ನೂ ಎತ್ತಿಬಿಡುತ್ತದೆ.

ಟ್ರಾನ್ಸಿಸ್ಟರ್ ಆಂಪ್‌ನಲ್ಲಿ ಇದರಿಂದ ಕೋನ್ ಅಲುಗಾಡುವುದಷ್ಟೇ. ಟ್ಯೂಬ್ ಆಂಪ್‌ನಲ್ಲಿ ಸಿಗ್ನಲ್ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಮೂಲಕ ಹೋಗಬೇಕು. ವೋಲ್ಟೇಜ್ ಅಷ್ಟೇ ಇದ್ದು ಫ್ರೀಕ್ವೆನ್ಸಿ ಹತ್ತನೇ ಒಂದಾದರೆ ಟ್ರಾನ್ಸ್‌ಫಾರ್ಮರ್‌ನ ಕಬ್ಬಿಣಕ್ಕೆ ಬೀಳುವ ಕಾಂತದ ಹೊರೆ ಹತ್ತು ಪಟ್ಟು. 50 ಹರ್ಟ್ಸ್‌ನಲ್ಲಿ ಆರಾಮಾಗಿದ್ದ ಕಬ್ಬಿಣ 5 ಹರ್ಟ್ಸ್‌ನಲ್ಲಿ ತುಂಬಿ ತುಳುಕುತ್ತದೆ. ಆ ಕ್ಷಣದಲ್ಲಿ ಅದರ ಮೇಲೆ ಸವಾರಿ ಮಾಡುತ್ತಿರುವ ಹಾಡೂ ಮಸುಕಾಗುತ್ತದೆ. ಸಣ್ಣ ಸಿಂಗಲ್-ಎಂಡೆಡ್ ಆಂಪ್‌ಗಳು, ಅಂದರೆ ಒಂದು ಬದಿಗೆ ಒಂದೇ ಇಎಲ್84 ಹಾಕಿ 4-5 ವಾಟ್ ಕೊಡುವವು, ಒಂದೇ 300ಬಿ ಹಾಕಿ 8 ವಾಟ್ ಕೊಡುವವು, ಇದಕ್ಕೆ ಬೇಗ ಸೋಲುತ್ತವೆ. ‘ಸಿಡಿಯಲ್ಲಿ ಚೆನ್ನಾಗಿದೆ, ರೆಕಾರ್ಡ್ ಹಾಕಿದರೆ ಮಾತ್ರ ಬಾಸ್ ರಾಡಿ’ ಎಂಬ ದೂರಿನ ಹಿಂದೆ ಹಲವು ಸಲ ಇರುವುದು ಇದೇ. ಟ್ಯೂಬ್ ಬದಲಿಸಿ ಪ್ರಯೋಜನವಿಲ್ಲ. ಸುಮಾರು 15-20 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸುವ ಸ್ವಿಚ್ ಒತ್ತಿದರೆ ಕೋನ್ ನಿಲ್ಲುತ್ತದೆ, ದನಿ ತಿಳಿಯಾಗುತ್ತದೆ. ಎರಡು ಡಬ್ಬಿಗಳ ನಡುವೆ ಆಯ್ಕೆ ಕಷ್ಟವಾದರೆ ಈ ಸ್ವಿಚ್ ಇರುವುದನ್ನೇ ತನ್ನಿ.

ಜೋಡಿಸುವ ಕ್ರಮ

ಎಲ್ಲದರ ಪ್ಲಗ್ಗೂ ಹೊರಗಿರಲಿ. ಮೊದಲು ಸ್ಪೀಕರ್ ವೈರ್. 8 ಓಮ್ ಸ್ಪೀಕರ್‌ಗೆ 8 ಎಂದು ಬರೆದ ತುದಿ, 4 ಓಮ್‌ಗೆ 4. ಸ್ಪೀಕರ್ ಜೋಡಿಸದೆ ಟ್ಯೂಬ್ ಆಂಪನ್ನು ಯಾವತ್ತೂ ಹಾಕಬೇಡಿ. ಸಿಗ್ನಲ್ ಬಂದಾಗ ಹೊರೆಯಿಲ್ಲದ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ ವೋಲ್ಟೇಜ್ ವಿಪರೀತ ಏರಿ ಅದರ ಸುತ್ತುಗಳೇ ಸುಡಬಹುದು, ಮತ್ತೆ ಅಂಥದ್ದೇ ಟ್ರಾನ್ಸ್‌ಫಾರ್ಮರ್ ಹುಡುಕುವುದು ಸುಲಭವಲ್ಲ.

ಆಮೇಲೆ ಫೋನೊ ಡಬ್ಬಿಯ ಔಟ್‌ಪುಟ್‌ನಿಂದ ಆಂಪ್‌ನ ಆಕ್ಸ್‌ಗೆ, ಟರ್ನ್‌ಟೇಬಲ್‌ನಿಂದ ಡಬ್ಬಿಯ ಇನ್‌ಪುಟ್‌ಗೆ. ಕೆಂಪು ಬಲ, ಬಿಳಿ ಎಡ. ತುದಿಯಲ್ಲಿ ಯು ಆಕಾರದ ತಗಡಿರುವ ತೆಳು ವೈರನ್ನು ಡಬ್ಬಿಯ ಜಿಎನ್‌ಡಿ ಸ್ಕ್ರೂ ಅಡಿಗೆ ತೂರಿಸಿ ಬಿಗಿ ಮಾಡಿ. ರೇಗಾ ಟರ್ನ್‌ಟೇಬಲ್‌ಗಳಲ್ಲಿ ಈ ಬೇರೆ ವೈರ್ ಇರುವುದಿಲ್ಲ, ಕೇಬಲ್‌ನ ಒಳಗೇ ಅರ್ಥ್ ಸೇರಿಸಿರುತ್ತಾರೆ. ಇಲ್ಲವೆಂದು ಗಾಬರಿಯಾಗಬೇಡಿ.

ವಾಲ್ಯೂಮ್ ಸೊನ್ನೆಗಿಟ್ಟು ಮೊದಲು ಟರ್ನ್‌ಟೇಬಲ್ ಮತ್ತು ಡಬ್ಬಿ, ಕೊನೆಗೆ ಆಂಪ್. ಅರ್ಧ ನಿಮಿಷಕ್ಕೆ ದನಿ ಬರುತ್ತದೆ, ಹದಕ್ಕೆ ಬರಲು ಕಾಲು ಗಂಟೆ ಬಿಡಿ. ಆರಿಸುವಾಗ ಕ್ರಮ ತಿರುಗುಮುರುಗು: ಮೊದಲು ಆಂಪ್. ಆಂಪ್ ಚಾಲೂ ಇರುವಾಗ ಕೆಂಪು-ಬಿಳಿ ವೈರುಗಳನ್ನು ಕೀಳುವುದು, ಹಾಕುವುದು ಬೇಡ. ಆ ಪ್ಲಗ್ಗಿನಲ್ಲಿ ನಡುವಿನ ಕಡ್ಡಿ ಮೊದಲು ತಾಗುತ್ತದೆ, ಅರ್ಥ್ ಆಮೇಲೆ. ಅಷ್ಟರೊಳಗೆ ‘ಭಡ್’ ಎಂದು ಸ್ಪೀಕರ್‌ಗೆ ಏಟು ಬಿದ್ದಿರುತ್ತದೆ. ಆಂಪ್‌ನ ಅಡಿ ಮುಚ್ಚಳ ಬಿಚ್ಚುವ ಯೋಚನೆಯನ್ನಂತೂ ಮಾಡಲೇಬೇಡಿ. ಒಳಗೆ 300ರಿಂದ 450 ವೋಲ್ಟ್ ಡಿಸಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಉಳಿದಿರುತ್ತದೆ.

ಜಾಗದ ವಿಷಯ. ಆಂಪ್‌ನ ಪಕ್ಕಕ್ಕೇ ಒತ್ತಿ ಟರ್ನ್‌ಟೇಬಲ್ ಇಟ್ಟರೆ ಟ್ರಾನ್ಸ್‌ಫಾರ್ಮರ್‌ನ ಕಾಂತಕ್ಷೇತ್ರ ಕಾರ್ಟ್ರಿಜ್‌ನ ಸುರುಳಿಗೆ ನೇರವಾಗಿ ಹಮ್ ತುಂಬುತ್ತದೆ. ತೋಳು ಬಲಗಡೆ ಇರುವುದರಿಂದ ಆಂಪನ್ನು ಟರ್ನ್‌ಟೇಬಲ್‌ನ ಎಡಕ್ಕೆ, ಒಂದೂವರೆ ಎರಡು ಅಡಿ ದೂರದಲ್ಲಿ ಇಡಿ. ಫೋನೊ ಡಬ್ಬಿಯನ್ನು ಆಂಪ್‌ನ ಮೇಲೆ ಇಡಬೇಡಿ. ಹಲಗೆಯ ಅಟ್ಟದ ಮನೆಗಳಲ್ಲಿ ನಡೆದರೆ ಸೂಜಿ ಹಾರುತ್ತದೆ. ಗೋಡೆಗೆ ಬಡಿದ ಶೆಲ್ಫ್ ಒಳ್ಳೆಯದು.

ಹಮ್ ಹಿಡಿಯುವ ಬಗೆ

ಸೂಜಿ ರೆಕಾರ್ಡಿಗೆ ತಾಗದೆ ಎತ್ತಿರಲಿ, ವಾಲ್ಯೂಮ್ ದಿನಾ ಕೇಳುವಷ್ಟಕ್ಕೆ ಇರಲಿ. ಬೇರೆ ಇನ್‌ಪುಟ್‌ಗೆ ತಿರುಗಿಸಿದಾಗಲೂ ಅಷ್ಟೇ ಹಮ್ ಇದ್ದರೆ ತಪ್ಪು ಆಂಪ್‌ನಲ್ಲಿದೆ, ಟರ್ನ್‌ಟೇಬಲನ್ನು ಬಿಟ್ಟುಬಿಡಿ. ಫೋನೊದಲ್ಲಿ ಮಾತ್ರ ಇದ್ದರೆ ಮೊದಲು ಅರ್ಥ್ ಸ್ಕ್ರೂ ಬಿಗಿ ಮಾಡಿ. ಅರ್ಥ್ ವೈರ್ ತೆಗೆದಾಗ ಹಮ್ ಹೆಚ್ಚಾದರೆ ಅದು ಕೆಲಸ ಮಾಡುತ್ತಿದೆ. ಅಪರೂಪಕ್ಕೆ ತೆಗೆದಾಗಲೇ ಹಮ್ ಕಡಿಮೆಯಾಗುತ್ತದೆ. ಅಂದರೆ ಅರ್ಥ್‌ಗೆ ಎರಡು ದಾರಿಗಳಾಗಿ ಸುತ್ತು ಬಿದ್ದಿದೆ, ತೆಗೆದೇ ಇಡಿ.

ಒಂದೇ ಕಿವಿಗೆ ಹಮ್ ಬರುತ್ತಿದ್ದರೆ ಆಂಪ್ ಆರಿಸಿ, ಡಬ್ಬಿಯ ಇನ್‌ಪುಟ್‌ನಲ್ಲಿ ಕೆಂಪು-ಬಿಳಿ ಅದಲುಬದಲು ಮಾಡಿ. ಹಮ್ ಪಕ್ಕ ಬದಲಿಸಿದರೆ ತಪ್ಪು ಟರ್ನ್‌ಟೇಬಲ್ ಕಡೆ. ಕಾರ್ಟ್ರಿಜ್‌ನ ಹಿಂದೆ ಕೂದಲೆಳೆಯಂಥ ನಾಲ್ಕು ವೈರುಗಳಿವೆ: ಬಿಳಿ ಮತ್ತು ನೀಲಿ ಎಡಕ್ಕೆ, ಕೆಂಪು ಮತ್ತು ಹಸಿರು ಬಲಕ್ಕೆ. ಅವುಗಳ ತುದಿಯ ಪುಟ್ಟ ಕ್ಲಿಪ್ ಸಡಿಲವಾಗಿದ್ದರೆ ಆ ಬದಿ ಗುಂಯ್ ಎನ್ನುತ್ತದೆ ಇಲ್ಲವೇ ಸತ್ತೇಹೋಗುತ್ತದೆ. ಚಿಮುಟದಿಂದ ಕ್ಲಿಪ್ಪನ್ನು ಹಿಡಿದು ತಳ್ಳಿ. ವೈರ್ ಹಿಡಿದು ಎಳೆದರೆ ಬುಡದಲ್ಲೇ ಕಿತ್ತುಬರುತ್ತದೆ. ಕಾರ್ಟ್ರಿಜ್ ಕೂರಿಸುವ ಹೆಡ್‌ಶೆಲ್ ಬಿಚ್ಚುವಂತಿದ್ದರೆ ಅದರ ಹಿಂಬದಿಯ ನಾಲ್ಕು ಮೊಳೆಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಹತ್ತಿಕಡ್ಡಿಯಿಂದ ಒರೆಸಿ. ಕರಾವಳಿಯ ಮಳೆಗಾಲದಲ್ಲಿ ಈ ಮೊಳೆಗಳೂ ವೈರಿನ ಪ್ಲಗ್ಗುಗಳೂ ಕಪ್ಪುಹಿಡಿಯುವುದು ಮಾಮೂಲು.

ಮೋಟರ್ ನಿಲ್ಲಿಸಿ, ತೋಳನ್ನು ಕೈಯಲ್ಲಿ ಎತ್ತಿಹಿಡಿದು ಮೆಲ್ಲಗೆ ಆಚೀಚೆ ಒಯ್ಯುವಾಗ ಹಮ್ ಹೆಚ್ಚು ಕಡಿಮೆಯಾದರೆ ಹತ್ತಿರದ ಟ್ರಾನ್ಸ್‌ಫಾರ್ಮರ್ ಅಥವಾ ಅಡಾಪ್ಟರ್ ಕಾರಣ. ವಸ್ತುಗಳನ್ನು ದೂರ ಸರಿಸಿ. ಟರ್ನ್‌ಟೇಬಲ್ ವೈರನ್ನು ಪೂರ್ತಿ ಕಿತ್ತು ‘ಡಬ್ಬಿಯೇ ಹಮ್ ಮಾಡುತ್ತಿದೆ’ ಎಂದು ತೀರ್ಮಾನಿಸುವ ತಪ್ಪನ್ನು ಬಹಳ ಜನ ಮಾಡುತ್ತಾರೆ. ತೆರೆದ ಫೋನೊ ಇನ್‌ಪುಟ್ ಆಂಟೆನಾ ಇದ್ದ ಹಾಗೆ, ತಾನೇ ಹಮ್ ಹಿಡಿಯುತ್ತದೆ. ಸಾಕೆಟ್‌ನ ನಡುವನ್ನೂ ಅರ್ಥನ್ನೂ ಸೇರಿಸಿಬಿಡುವ ಶಾರ್ಟಿಂಗ್ ಪ್ಲಗ್ ಹಾಕಿ ನೋಡಿದರೆ ಮಾತ್ರ ಆ ಪರೀಕ್ಷೆಗೆ ಬೆಲೆ.

ಹಮ್ ಹೋಗಲೆಂದು ಆಂಪ್‌ನ ತ್ರೀ-ಪಿನ್ ಪ್ಲಗ್ಗಿನ ದಪ್ಪ ಪಿನ್ ತೆಗೆಯುವವರಿದ್ದಾರೆ. ದಯವಿಟ್ಟು ಬೇಡ. ಒಳಗೇನಾದರೂ ತಪ್ಪಿ ಗೋಡೆಯ ಕರೆಂಟ್ ಲೋಹದ ಮೈಗೆ ಬಂದಾಗ ಫ್ಯೂಸ್ ಹಾರಿಸಿ ನಿಮ್ಮನ್ನು ಉಳಿಸುವುದು ಅದೇ.

ಮನೆಯ ಕರೆಂಟ್

ಪಿನ್ ಇದ್ದರೂ ಗೋಡೆಯ ಸಾಕೆಟ್‌ನಲ್ಲಿ ಅರ್ಥ್ ಸರಿಯಾಗಿದೆಯೇ ಎಂದು ಎಲೆಕ್ಟ್ರೀಷಿಯನ್ ಹತ್ತಿರ ನೋಡಿಸಿ. ನ್ಯೂಟ್ರಲ್-ಅರ್ಥ್ ನಡುವೆ ಒಂದೆರಡು ವೋಲ್ಟ್ ಇದ್ದರೆ ಪರವಾಗಿಲ್ಲ, ಹತ್ತಾರು ಇದ್ದರೆ ಅರ್ಥಿಂಗ್ ಕೆಟ್ಟಿದೆ.

220 ವೋಲ್ಟ್ ಎಂದು ಬರೆದು ಬರುವ ಆಂಪ್‌ಗಳ ಬಗ್ಗೆ ಎಚ್ಚರ ಬೇಕು. ರಾತ್ರಿ ಹೊತ್ತು ಲೈನ್ 250ಕ್ಕೆ ಏರುವ ಊರುಗಳಿವೆ. ಟ್ಯೂಬ್‌ನ ಹೀಟರ್‌ಗೆ 6.3 ವೋಲ್ಟ್ ಸಿಗಬೇಕಾದಲ್ಲಿ ಆಗ 7.1 ದಾಟುತ್ತದೆ; ಶೇಕಡ 10ರಷ್ಟು ಏರಿಳಿತದ ಮಿತಿ 6.9ಕ್ಕೇ ಮುಗಿಯಿತು. ಟ್ಯೂಬ್‌ನ ಆಯುಸ್ಸು ಕರಗುತ್ತದೆ. ಅಂಥ ಕಡೆ ಸರ್ವೊ ಸ್ಟೆಬಿಲೈಜರ್ ಹಾಕಿ. ಕರೆಂಟ್ ಹೋದಾಗ ಸ್ಕ್ವೇರ್ ವೇವ್ ಇನ್ವರ್ಟರ್‌ನಲ್ಲಿ ಆಂಪ್ ನಡೆಸಬೇಡಿ, ಟ್ರಾನ್ಸ್‌ಫಾರ್ಮರ್ ಜರ್ರ್ ಎನ್ನುತ್ತದೆ, ಆ ಜರ್ರ್ ಫೋನೊಗೂ ಇಳಿಯುತ್ತದೆ.

ಅಮೆರಿಕದಿಂದ ವಾಪಸ್ ಬರುವಾಗ ಟರ್ನ್‌ಟೇಬಲ್ ಹೊತ್ತು ತರುವವರಿಗೆ ಒಂದು ಮಾತು. 120 ವೋಲ್ಟ್‌ಗೆ ಇಳಿಸುವ ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನಷ್ಟೇ ಬದಲಿಸುತ್ತದೆ, ಫ್ರೀಕ್ವೆನ್ಸಿಯನ್ನಲ್ಲ. ಅಲ್ಲಿಯ 60 ಹರ್ಟ್ಸ್‌ಗೆ ಮಾಡಿದ ಎಸಿ ಸಿಂಕ್ರೊನಸ್ ಮೋಟರ್ ಇಲ್ಲಿಯ 50 ಹರ್ಟ್ಸ್‌ನಲ್ಲಿ 33⅓ರ ಬದಲು 27.8 ಸುತ್ತು ತಿರುಗುತ್ತದೆ. ಹಾಡು ಮೂರು ಸ್ವರಸ್ಥಾನ ಕೆಳಗಿಳಿಯುತ್ತದೆ. ಮೋಟರ್‌ನ ಪುಲಿ ಬದಲಿಸಬೇಕು. ಅಡಾಪ್ಟರ್‌ನಿಂದ ನಡೆಯುವ ಡಿಸಿ ಮೋಟರ್‌ಗೂ ಕ್ವಾರ್ಟ್ಜ್ ಲಾಕ್ ಡೈರೆಕ್ಟ್ ಡ್ರೈವ್‌ಗೂ ಈ ತೊಂದರೆ ಇಲ್ಲ.

ಮನೆಯಲ್ಲಿ 78ರ ತಟ್ಟೆಗಳಿದ್ದರೆ

ಅಜ್ಜನ ಕಾಲದ ಟ್ರಂಕಿನಲ್ಲಿ ಮಲ್ಲಿಕಾರ್ಜುನ ಮನ್ಸೂರರದೋ, ಲೇಬಲ್ಲಿನ ಮೇಲೆ ‘ಗಾಂಧಾರಿ ಹಾನಗಲ್’ ಎಂದಿರುವ ಗಂಗೂಬಾಯಿಯವರ ಮೊದಮೊದಲ ತಟ್ಟೆಯೋ ಇದ್ದರೆ ಎಲ್‌ಪಿ ಸೂಜಿ ಇಡಬೇಡಿ. ಎಲ್‌ಪಿ ಸೂಜಿಯ ತುದಿ ಸುಮಾರು 18 ಮೈಕ್ರಾನ್, 78ರ ಗೆರೆಗೆ ಬೇಕಾದ್ದು ಸುಮಾರು 76. ಸಣ್ಣ ಸೂಜಿ ಗೆರೆಯ ತಳಕ್ಕೆ ಇಳಿದು ಅಲ್ಲಿಯ ಧೂಳನ್ನೇ ನುಡಿಸುತ್ತದೆ. ವಿಎಂ95 ಸರಣಿಯಲ್ಲಿ ಎಸ್‌ಪಿ ಎಂಬ ಸೂಜಿ ಇದಕ್ಕೆಂದೇ ಇದೆ. ಅದರ ಭಾರ 5 ಗ್ರಾಂ, ವಿಎಂ95ಇಯಂತೆ 2 ಅಲ್ಲ. ಸೂಜಿ ಬದಲಿಸಿದಾಗಲೆಲ್ಲ ತೋಳಿನ ಭಾರವನ್ನು ಡಿಜಿಟಲ್ ತಕ್ಕಡಿಯಲ್ಲಿ ಮತ್ತೆ ನೋಡಿ. ಟರ್ನ್‌ಟೇಬಲ್‌ನಲ್ಲಿ 78ರ ವೇಗವೂ ಇರಬೇಕು: ಎಲ್‌ಪಿ120ಎಕ್ಸ್‌ಯುಎಸ್‌ಬಿಯಲ್ಲಿದೆ, ಎಲ್‌ಪಿ60ಎಕ್ಸ್‌ನಲ್ಲಿಲ್ಲ. 1954ಕ್ಕಿಂತ ಹಿಂದಿನ ತಟ್ಟೆಗಳನ್ನು ಬೇರೆ ಬೇರೆ ಅಳತೆಯಲ್ಲಿ ಕೊರೆದಿರುವುದರಿಂದ ಆರ್‌ಐಎಎ ಪೂರ್ತಿ ಹೊಂದುವುದಿಲ್ಲ. ಟೋನ್ ಗುಂಡಿಗಳಿದ್ದರೆ ಕಿವಿಗೆ ಹಿತವಾಗುವಷ್ಟು ತಿದ್ದಿಕೊಳ್ಳಿ. ಆಂಪ್‌ನಲ್ಲೋ ಡಬ್ಬಿಯಲ್ಲೋ ಮೋನೊ ಸ್ವಿಚ್ ಇದ್ದರೆ ಒತ್ತಿ. 78ರಲ್ಲಿ ಹಾಡು ಕೊರೆದಿರುವುದು ಅಡ್ಡಡ್ಡಲಾಗಿ, ಸೂಜಿ ಮೇಲೆ-ಕೆಳಗೆ ಕುಣಿದು ಹುಟ್ಟುವುದೆಲ್ಲ ಬರೀ ಗಲಾಟೆ. ಎರಡು ಚಾನೆಲ್ ಸೇರಿದಾಗ ಆ ಮೇಲೆ-ಕೆಳಗಿನದು ಒಂದನ್ನೊಂದು ಅಳಿಸಿಕೊಳ್ಳುತ್ತದೆ, ಗರಗರದ ಹಿಂದಿದ್ದ ದನಿ ಮುಂದಕ್ಕೆ ಬರುತ್ತದೆ.